ಸಾಹೇಬನ ಕಮಾನು

ಗಾಜಿನವನ ಕೈಯಲ್ಲೇ ಗಾಜು ಒಡೆಯಿತು. ಬೇರೆಯವರ ಕೈಯಲ್ಲಿ ಒಡೆದಿದ್ದರೆ ಅವನು ಅವರ ಜನ್ಮ ಜಾಲಾಡಿಬಿಡುತ್ತಿದ್ದ. ಆದರೆ ಮೀನು ಸಾಕುವ ಗಾಜಿನ ತೊಟ್ಟಿಯ ಮುಂದಿನ ತುದಿ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಮೆಟ್ಟಿಲು ಹತ್ತುತ್ತಿದ್ದವನೂ ಅವನೇ, ಇನ್ನೊಂದು ತುದಿ ಹಿಡಿದ ಆಳುಗಳಿಗೆ "ಹುಷಾರ್ರಪ್ಪಾ, ಗಾಜು ಅದು, ಹಾಸಿಗೆ ಅಲ್ಲ" ಎಂದು ಗದರುತ್ತಿದ್ದವನೂ ಅವನೇ. ತಿರುವಿನಲ್ಲಿ ತೊಟ್ಟಿಯ ಮೂಲೆ ಕಬ್ಬಿಣದ ಕಂಬಿಗೆ ತಾಗಿ ಟಿಕ್ ಎಂದಿತು. ಅಷ್ಟೇ ಸದ್ದು. ಆ ಕಸುಬಿನವರಿಗೆ ಅಷ್ಟು ಸಾಕು. ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡುವ ಮೊದಲೇ ಅವನು ಕಣ್ಣು ಮುಚ್ಚಿಕೊಂಡ.

ಕೆಳಗೆ, ಮೊದಲ ಮೆಟ್ಟಿಲಲ್ಲಿ, ಮುಚ್ಚಳ ಹಾಕಿದ ಬಕೆಟ್ಟನ್ನು ಎದೆಗವಚಿಕೊಂಡು ನಿಂತಿದ್ದವಳು ಅವನ ಹೊಸ ಹೆಂಡತಿ. ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು. ಅವಳಿನ್ನೂ ಮೆಟ್ಟಿಲು ಹತ್ತಿ ಮನೆಯೊಳಗೆ ಕಾಲಿಟ್ಟಿರಲಿಲ್ಲ, ಆಗಲೇ ಅಕ್ಕಪಕ್ಕದವರ ಬಾಯಲ್ಲಿ ನರ್ಸಮ್ಮ ಆಗಿಬಿಟ್ಟಿದ್ದಳು. ಬಕೆಟ್ಟಿನಲ್ಲಿದ್ದದ್ದು ಅವಳ ಮೀನು ನಿಂಬೆ. ಅಂಗೈಯಗಲದ, ತಟ್ಟೆಯಂತೆ ಚಪ್ಪಟೆಯಾದ ಹಳದಿ ಮೀನು. ಮದುವೆ ಗಿದುವೆ ಯೋಚನೆಯೇ ಇಲ್ಲದೆ ಒಂಟಿ ಕೋಣೆಯಲ್ಲಿ ಕಳೆದ ಅಷ್ಟೂ ವರ್ಷ ಡ್ಯೂಟಿ ಮುಗಿಸಿ ಬಂದಾಗ ಅವಳ ಕಡೆ ತಿರುಗಿ ನೋಡುತ್ತಿದ್ದ ಜೀವ ಅದೊಂದೇ. ಆ ಮೀನಿನ ಮನೆ ಈಗ ಮೆಟ್ಟಿಲ ಮೇಲೆ ಮೂಲೆಯಿಂದ ಮೂಲೆಗೆ ಸೀಳಿ ನಿಂತಿತ್ತು.

"ಹೊಸದು ಮಾಡ್ಕೊಡ್ತೀನಿ ಬಿಡು. ಇದಕ್ಕಿಂತ ದಪ್ಪ ಗಾಜು ಹಾಕಿ ಮಾಡ್ತೀನಿ" ಎಂದ ಗಾಜಿನವನು.

ಆ ಮಾತು ಕೇಳಿಸಿಕೊಂಡ ಮನೆಯ ಮಾಲೀಕ ಕೆಳಮನೆಯ ಬಾಗಿಲಿಂದ ತಲೆ ಹೊರಗೆ ಹಾಕಿದ. "ಇನ್ನೊಂದು ಟ್ಯಾಂಕಾ? ಮೇಲೆ ಈಗ ಇರೋದೇ ಯಾವತ್ತು ನನ್ನ ತಲೆ ಮೇಲೆ ಬೀಳುತ್ತೋ ಅಂತ ಸೀಲಿಂಗ್ ನೋಡ್ಕೊಂಡು ಮಲಗ್ತೀನಿ. ಒಂದಕ್ಕೆ ಒಪ್ಪಿದ್ದೇ ಹೆಚ್ಚು. ಎರಡನೇದು ಬಂತೋ, ಮನೆ ಖಾಲಿ ಮಾಡಿ" ಎಂದು ತಲೆ ಒಳಗೆ ಎಳೆದುಕೊಂಡ. ಅಲ್ಲಿಗೆ ಆ ಮಾತು ಮುಗಿಯಿತು.

ಮೇಲೆ ಇರುವುದು ಎಂದು ಅವನು ಹೇಳಿದ್ದು ಹಾಲಿನ ಗೋಡೆಯುದ್ದಕ್ಕೂ ಕುಳಿತಿದ್ದ ದೊಡ್ಡ ತೊಟ್ಟಿಯನ್ನು. ಅದನ್ನು ಗಾಜಿನವನು ತನ್ನ ಕೈಯಾರೆ ಮೊದಲ ಹೆಂಡತಿಗಾಗಿ ಕಟ್ಟಿದ್ದ. ಒಳಗೆ ಕಲ್ಲುಗಳನ್ನು ಜೋಡಿಸಿದ್ದವಳು ಆಕೆ: ಎಡಕ್ಕೆ ಮೆಟ್ಟಿಲಂತೆ ಏರುವ ಕಲ್ಲುಗಳು, ಬಲಕ್ಕೆ ಒಂದು ಗವಿ, ನಡುವೆ ಎರಡು ಕಲ್ಲಿನ ಮೇಲೆ ಇನ್ನೊಂದನ್ನು ಅಡ್ಡ ಇಟ್ಟು ಕಟ್ಟಿದ ಕಮಾನು. ಆಕೆ ಕಾಯಿಲೆಯಿಂದ ತೀರಿಕೊಂಡ ಮೇಲೆ ತೊಟ್ಟಿ ಮಗಳ ವಶಕ್ಕೆ ಬಂತು. ಮಗಳೆಂದರೆ ಚೂಟಿ. ಹೆಸರಿಗೆ ತಕ್ಕ ಹುಡುಗಿ, ಹೈಸ್ಕೂಲು, ಮಾತು ಕಡಿಮೆ, ನೋಟ ಜಾಸ್ತಿ. ಕಡಲ ಮೀನಿನ ತೊಟ್ಟಿಯ ಉಪ್ಪುನೀರು ಆವಿಯಾಗಿ ಇಳಿದರೆ ಬರೀ ಸಿಹಿನೀರು ತುಂಬಬೇಕು, ಉಪ್ಪು ಅಲ್ಲೇ ಉಳಿದಿರುತ್ತದೆ ಎಂಬುದನ್ನು ದೊಡ್ಡವರಿಗೂ ಪಾಠ ಹೇಳುವಷ್ಟು ಗೊತ್ತಿತ್ತು ಅವಳಿಗೆ.

ಆ ತೊಟ್ಟಿಯ ಒಡೆಯ ಸಾಹೇಬ. ಆಕಾಶನೀಲಿ ಮೈ, ಕಪ್ಪು ಮುಖ, ಬೆನ್ನ ಮೇಲೆ ಹಳದಿ ಪಟ್ಟಿ. ಬೆಳಗ್ಗೆ ದೀಪ ಹಾಕಿದ ಕೂಡಲೇ ಕಮಾನಿನಡಿಯಿಂದ ಹೊರಟು ಎಲ್ಲ ಕಲ್ಲುಗಳನ್ನೂ ತಪಾಸಣೆ ಮಾಡಿ ಮತ್ತೆ ಕಮಾನಿಗೆ ಬರುತ್ತಿದ್ದ ಠೀವಿ ನೋಡಿ ಚೂಟಿಯ ಅಮ್ಮನೇ ಇಟ್ಟ ಹೆಸರು. ಸಾಹೇಬನೂ ನಿಂಬೆಯೂ ಒಂದೇ ಕುಲದವರು, ಸರ್ಜನ್ ಮೀನುಗಳು. ಬಾಲದ ಬುಡದಲ್ಲಿ ಎರಡೂ ಕಡೆ ಒಂದೊಂದು ಮುಳ್ಳು, ಆಪರೇಷನ್ ಚಾಕುವಿನಷ್ಟೇ ಹರಿತ. ಸಿಟ್ಟು ಬಂದರೆ ಮೀನು ಪಕ್ಕಕ್ಕೆ ವಾಲಿ ಬಾಲ ಬೀಸುತ್ತದೆ, ಎದುರಿನದರ ಮೈ ಸೀಳುತ್ತದೆ. ಗಾಜಿನವನಿಗೂ ನರ್ಸಮ್ಮನಿಗೂ ತೊಟ್ಟಿಯ ಉಪ್ಪು ಮಾರುತ್ತಿದ್ದ ಬಣ್ಣದ ಮೀನಿನ ಅಂಗಡಿಯಣ್ಣನೇ ಈ ಸಂಬಂಧ ಕುದುರಿಸಿದ್ದು. ಅವನು ಅಂದೇ ಹೇಳಿದ್ದ: "ನೀವಿಬ್ರೂ ಧಾರಾಳವಾಗಿ ಮದುವೆ ಆಗಿ. ಮೀನುಗಳನ್ನ ಮಾತ್ರ ಒಂದೇ ಮನೇಲಿ ಇಡ್ಬೇಡಿ." ಆಗ ಎಲ್ಲರೂ ನಕ್ಕಿದ್ದರು.

ನಿಂಬೆಗೆ ಬಚ್ಚಲುಮನೆಯಲ್ಲಿ ಪ್ಲಾಸ್ಟಿಕ್ ಟಬ್ಬು ಸಿಕ್ಕಿತು. ಸಣ್ಣ ಪಂಪು, ಸಣ್ಣ ಹೀಟರು, ಮೇಲೊಂದು ಜಾಳಿಗೆ. ಮೂವರೂ ಸೋಪಿನ ನೊರೆ ಹಾರದ ಹಾಗೆ ಗೋಡೆಗೆ ಒತ್ತಿಕೊಂಡು ಸ್ನಾನ ಮಾಡತೊಡಗಿದರು. ಮೀನು ಟಬ್ಬಿನೊಳಗೆ ಸುತ್ತಿದ್ದೇ ಸುತ್ತಿದ್ದು. ಬಂಗಾರದಂತಿದ್ದ ಮೈ ದಿನೇ ದಿನೇ ಮಾಸಿತು. ನರ್ಸಮ್ಮ ಡ್ಯೂಟಿಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಬಚ್ಚಲಿಗೆ ಹೋಗಿ ಇಣುಕುವಳು. ಬದುಕಿದೆ ಎಂದು ಗೊತ್ತಾದ ಮೇಲೇ ಅವಳಿಗೆ ಉಸಿರು.

ಹಾಗೆ ನೋಡಿದರೆ ಅವಳೂ ಆ ಮನೆಯಲ್ಲಿ ಗೋಡೆಗೆ ಒತ್ತಿಕೊಂಡೇ ಓಡಾಡುತ್ತಿದ್ದಳು. ಉಪ್ಪಿನ ಡಬ್ಬಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿತ್ತು. ಹಿಂದಿನವಳು ಎತ್ತರದ ಹೆಂಗಸು, ಇವಳು ಕುಳ್ಳಿ. ಪ್ರತಿ ಹೊತ್ತೂ ಮರದ ಸ್ಟೂಲು ಎಳೆದು, ಹತ್ತಿ, ಉಪ್ಪು ತೆಗೆದು, ಮತ್ತೆ ಹತ್ತಿ ಅಲ್ಲೇ ಇಡುವಳು. ಡಬ್ಬಿಯನ್ನು ಕೆಳಗಿಟ್ಟುಕೊಂಡರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಆದರೆ ಯಾರದೋ ಕೈ ಇಟ್ಟ ಜಾಗದಿಂದ ಒಂದು ವಸ್ತುವನ್ನು ಸರಿಸುವುದಕ್ಕೆ ಅವಳಿಗೆ ಕೈ ಬರಲಿಲ್ಲ. ಬಟ್ಟೆಗಳು ಸೂಟ್‌ಕೇಸಿನಲ್ಲೇ ಇದ್ದವು. ಫೋನಿನಲ್ಲಿ ಅವಳ ಅಕ್ಕ ಕೇಳುವಳು, "ಬಟ್ಟೆ ಬೀರುಗೆ ಇಟ್ಟೆಯೇನೇ?" "ಇಡ್ತೀನಿ ಅಕ್ಕ, ಏನವಸರ." "ನೀನೇನು ಮನೆ ಸೇರಿದ್ದೀಯೋ, ಲಾಡ್ಜಲ್ಲಿದ್ದೀಯೋ?"

ಚೂಟಿ ಕೆಟ್ಟದಾಗಿ ನಡೆದುಕೊಳ್ಳುತ್ತಿದ್ದಳು ಎಂದಲ್ಲ. ಕೇಳಿದ್ದಕ್ಕೆ ಉತ್ತರ, ಬಡಿಸಿದ್ದಕ್ಕೆ ಊಟ. ಮದುವೆಗೆ ಮುಂಚೆ ಆಂಟಿ ಎನ್ನುತ್ತಿದ್ದಳು. ಮದುವೆಯ ನಂತರ ಆ ಆಂಟಿ ಹೋಯಿತು, ಅದರ ಜಾಗಕ್ಕೆ ಬೇರೊಂದು ಬರಲಿಲ್ಲ. ಏನಾದರೂ ಹೇಳಬೇಕಿದ್ದರೆ ಎದುರಿಗೆ ಬಂದು ನಿಂತು, ಇವಳು ತಲೆಯೆತ್ತುವವರೆಗೂ ಕಾಯುವಳು. ಹಾಗೆ ನಿಂತಾಗಲೆಲ್ಲ ನರ್ಸಮ್ಮ ತನ್ನಿಂದ ಏನು ತಪ್ಪಾಯಿತೋ ಎಂದು ಲೆಕ್ಕ ಹಾಕುವಳು.

ಒಂದು ದಿನ ನಿಂಬೆ ಟಬ್ಬಿನ ತಳದಲ್ಲಿ ಓರೆಯಾಗಿ ಮಲಗಿಬಿಟ್ಟಿತ್ತು. ಜಾಳಿಗೆ ತೆಗೆದ ಮೇಲಷ್ಟೇ ಎದ್ದಿತು.

"ದೊಡ್ಡ ಟ್ಯಾಂಕಿಗೇ ಹಾಕೋಣ" ಎಂದ ಗಾಜಿನವನು.

"ಸಾಹೇಬ ಬಿಡಲ್ಲ" ಎಂದಳು ಚೂಟಿ, ಪುಸ್ತಕದಿಂದ ತಲೆಯೆತ್ತದೆ.

"ನೋಡೋಣ."

"ನೋಡೋದೇನು ಅಪ್ಪ, ಬಿಡಲ್ಲ ಅಂದ್ರೆ ಬಿಡಲ್ಲ."

ಬಿಡುವಂತೆ ಮಾಡುವ ದಾರಿಯೊಂದಿದೆ ಎಂದು ನರ್ಸಮ್ಮನಿಗೆ ಗೊತ್ತಿತ್ತು. ಸರ್ಜನ್ ಮೀನು ಸಾಕಿದವರಿಗೆಲ್ಲ ಗೊತ್ತಿರುವ ದಾರಿ ಅದು. ಹಳೆಯ ಮೀನಿಗೆ ಕಲ್ಲುಗಳ ಗುರುತು ಬಾಯಿಪಾಠವಾಗಿರುತ್ತದೆ. ಇದು ನನ್ನ ಗವಿ, ಇದು ನನ್ನ ಮೂಲೆ ಎಂದು ಅದು ಕಾಯುವುದು ಆ ಗುರುತನ್ನೇ. ಕಲ್ಲುಗಳನ್ನೆಲ್ಲ ತೆಗೆದು ಬೇರೆ ರೀತಿ ಜೋಡಿಸಿಬಿಟ್ಟರೆ ಹಳಬನಿಗೂ ಹೊಸಬನಿಗೂ ಜಾಗ ಸಮಾನವಾಗಿ ಹೊಸದು. ಜಗಳಕ್ಕೆ ಕಾರಣವೇ ಹೋಗುತ್ತದೆ. ಮಾತು ನಾಲಿಗೆಯ ತುದಿಗೆ ಬಂತು. ಕಮಾನಿನ ಕಡೆ ನೋಡಿದಳು, ಅದರ ಮುಂದೆ ಗಾಜಿಗೆ ಹಣೆ ತಾಗಿಸಿ ನಿಂತ ಹುಡುಗಿಯ ಕಡೆ ನೋಡಿದಳು, ಬಂದ ಮಾತನ್ನು ನುಂಗಿಕೊಂಡಳು. ಸತ್ತವಳು ಇಟ್ಟ ಕಲ್ಲನ್ನು ಬಂದವಳು ಕಿತ್ತಳು ಎನ್ನಿಸಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಗಾಜಿನವನ ಮಾತೇ ನಡೆಯಿತು. ನರ್ಸಮ್ಮ ಆಸ್ಪತ್ರೆಯಿಂದ ತಂದಿದ್ದ ಹೊಸ ಡ್ರಿಪ್ ಟ್ಯೂಬನ್ನು ದೊಡ್ಡ ತೊಟ್ಟಿಯಿಂದ ನಿಂಬೆಯಿದ್ದ ಬಕೆಟ್ಟಿಗೆ ಇಳಿಬಿಟ್ಟು, ರೋಗಿಗೆ ಸಲೈನ್ ಹಾಕುವಂತೆ ಗಾಲಿ ತಿರುಗಿಸಿ, ಹೊಸ ನೀರನ್ನು ತೊಟ್ಟುತೊಟ್ಟಾಗಿ ನಿಂಬೆಗೆ ಅಭ್ಯಾಸ ಮಾಡಿಸಿದಳು. ಚೂಟಿ ಬಂದು ನೋಡಿದಳು. "ಇದು ಚೆನ್ನಾಗಿದೆ" ಎಂದಳು. ಆ ಒಂದು ಮಾತಿಗೆ ನರ್ಸಮ್ಮನಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಆ ಸಂತೋಷಕ್ಕೆ ಆಯಸ್ಸು ಕಡಿಮೆ. ನಿಂಬೆ ನೀರಿಗಿಳಿದು ಒಂದು ಸುತ್ತು ಹಾಕಿತ್ತೋ ಇಲ್ಲವೋ, ಸಾಹೇಬ ಕಮಾನಿನಡಿಯಿಂದ ನುಗ್ಗಿದ. ನಿಂಬೆ ಹೀಟರಿನ ಹಿಂದಿನ ಸಂದಿಗೆ ನುಸುಳಿಕೊಂಡಿತು. ಸಾಹೇಬ ಆ ಸಂದಿಯ ಎದುರೇ ಕಾವಲು ನಿಂತ, ಬಾಲ ಬೀಸುತ್ತ.

ಗಾಜಿನವನು ಅಂಗಡಿಯಣ್ಣನಿಗೆ ಫೋನು ಹಚ್ಚಿದ. ಅಂಗಡಿಯಣ್ಣ ಹೇಳಿದ್ದು ಇಷ್ಟು: ತೊಟ್ಟಿಯ ಹೊರಗೆ ಒಂದು ಪುಟ್ಟ ಕನ್ನಡಿ ಹಿಡಿಯಿರಿ, ಸಾಹೇಬ ತನ್ನ ಬಿಂಬದ ಜೊತೆ ಜಗಳಕ್ಕೆ ಬೀಳುತ್ತಾನೆ, ಆ ಹೊತ್ತಿಗೆ ಹೊಸ ಮೀನು ಸುಧಾರಿಸಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಹಿಡಿದು ತೆಗೆದುಬಿಡಿ.

ಕನ್ನಡಿ! ಗಾಜಿನವನ ಮುಖ ಅರಳಿತು. ಮೆಟ್ಟಿಲ ಮೇಲೆ ಹೋದ ಮಾನವನ್ನು ವಾಪಸ್ ತರುವ ಅವಕಾಶ ಇಷ್ಟು ಬೇಗ ಸಿಗುತ್ತದೆಂದು ಅವನು ಎಣಿಸಿರಲಿಲ್ಲ. ಪುಟ್ಟ ಕನ್ನಡಿ ಅನ್ನುವ ಪದ ಅವನ ಕಿವಿಗೆ ಬೀಳಲೇ ಇಲ್ಲವೆಂದು ಕಾಣುತ್ತದೆ. ತನ್ನ ಅಂಗಡಿಗೆ ಓಡಿ, ತೊಟ್ಟಿಯ ಒಂದಿಡೀ ಬದಿಗೆ ಸರಿಯಾಗಿ ಕೂರುವಂಥ ಕನ್ನಡಿ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿ, ದಪ್ಪನೆಯ ಅಂಟುಪಟ್ಟಿ ಹಾಕಿ ಬಿಗಿಯಾಗಿ ಅಂಟಿಸಿಬಿಟ್ಟ. ಒರೆಸಿ, ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿದ. "ಹೇಗೆ?"

ಸಾಹೇಬ ಕನ್ನಡಿಯಲ್ಲಿ ಇನ್ನೊಬ್ಬ ಸಾಹೇಬನನ್ನು ಕಂಡ. ಮುಗಿಯಿತು. ಹೀಟರು, ನಿಂಬೆ ಎಲ್ಲ ಮರೆತು ಅತ್ತ ನುಗ್ಗಿದ. ಇವನು ಬಾಲ ಬೀಸಿದರೆ ಅವನೂ ಬಾಲ ಬೀಸುತ್ತಾನೆ. ಇವನು ಮೂತಿ ಗುದ್ದಿದರೆ ಅವನೂ ಗುದ್ದುತ್ತಾನೆ. ನಿಂಬೆ ಮೆಲ್ಲನೆ ಹೊರಬಂದು ಕಲ್ಲಿನ ಮೇಲಿನ ಪಾಚಿ ಕೆರೆಯಿತು. ಮನೆಯಲ್ಲಿ ಮೊದಲ ಸಲ ಮೂವರೂ ಒಟ್ಟಿಗೆ ನಕ್ಕರು. "ನಮ್ಮ ಸಾಹೇಬ್ರಿಗೆ ಈಗ ತಾನೇ ಸರಿಸಮಾನ ಸಿಕ್ಕಿದ್ದು" ಎಂದಳು ಚೂಟಿ. ಊಟವನ್ನೂ ತೊಟ್ಟಿಯ ಮುಂದೆಯೇ ಮಾಡಿದರು. ಕನ್ನಡಿ ತೆಗೆಯಬೇಕು ಎಂದು ನರ್ಸಮ್ಮನಿಗೆ ಅನ್ನಿಸದೇ ಇರಲಿಲ್ಲ. ಆದರೆ ಆ ನಗುವನ್ನು ಕೆಡಿಸಲು ಮನಸ್ಸಾಗಲಿಲ್ಲ. ಇರಲಿ, ಇನ್ನೊಂದು ದಿನ, ಇನ್ನೊಂದೇ ದಿನ.

ಹಾಗೆ ನಾಲ್ಕಾರು ದಿನ ಕಳೆದ ಮೇಲೆ, ಎಡವಟ್ಟು ಮೊದಲು ಕಂಡದ್ದು ಚೂಟಿಗೆ. ಶಾಲೆಗೆ ಹೊರಟವಳು ಚೀಲ ಹೆಗಲಲ್ಲಿದ್ದಂತೆಯೇ ತೊಟ್ಟಿಯ ಮುಂದೆ ನಿಂತುಬಿಟ್ಟಳು. "ಅಪ್ಪ, ಸಾಹೇಬ ಸೊಪ್ಪು ತಿಂದಿಲ್ಲ."

ಅಂಗಡಿಯಿಂದ ತರುತ್ತಿದ್ದ ಒಣಗಿದ ಸಮುದ್ರಸೊಪ್ಪು ಸಿಕ್ಕಿಸಿದ ಕಡೆ ಹಾಗೆಯೇ ತೂಗುತ್ತಿತ್ತು. ನಿಂಬೆ ಕಚ್ಚಿದ ಒಂದು ಬದಿ ಬಿಟ್ಟರೆ ಉಳಿದದ್ದು ಇದ್ದಂತೆಯೇ ಇತ್ತು. ಸಾಹೇಬ ಕನ್ನಡಿಯ ಮುಂದೆ ಇನ್ನೂ ಬಡಿದಾಡುತ್ತಿದ್ದ. ನೀಲಿ ಮೈ ಬೂದಿಯಾಗಿತ್ತು. ಗುದ್ದಿ ಗುದ್ದಿ ಮೂತಿಯ ಚರ್ಮ ಸುಲಿದಿತ್ತು. ರೆಕ್ಕೆಯ ಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು.

ನರ್ಸಮ್ಮ ಗಾಜಿನ ಹತ್ತಿರ ಬಗ್ಗಿದಳು. ಆ ಚುಕ್ಕೆಗಳೇನೆಂದು ಅವಳಿಗೂ ಗೊತ್ತು, ಚೂಟಿಗೂ ಗೊತ್ತು. ಸರ್ಜನ್ ಮೀನು ಸೋತಾಗ, ಹೆದರಿದಾಗ, ಮೈಮೇಲೆ ಏರುವ ರೋಗ ಅದು. ಬಿಟ್ಟರೆ ಕಿವಿರಿಗೆ ಇಳಿಯುತ್ತದೆ, ಆಮೇಲೆ ಮೀನು ಉಳಿಯುವುದಿಲ್ಲ. ಔಷಧಿಯನ್ನು ತೊಟ್ಟಿಗೆ ಸುರಿಯುವಂತಿಲ್ಲ, ಕಲ್ಲಿನಲ್ಲಿ ಬದುಕುವ ಸಣ್ಣಪುಟ್ಟ ಜೀವವೆಲ್ಲ ಸತ್ತು ನೀರೇ ಕೆಡುತ್ತದೆ. ಟಬ್ಬಿಗೆ ಹಾಕಿ ಔಷಧಿ ಕೊಡೋಣವೆಂದರೆ, ಇಷ್ಟು ದಣಿದ ಮೀನು ಅದನ್ನು ತಡೆದುಕೊಳ್ಳುವುದು ಅನುಮಾನ. ಮೊದಲು ಅದಕ್ಕೆ ಬೇಕಾದದ್ದು ನೆಮ್ಮದಿ.

"ನಾನು ಹೇಳಿದ್ದೆ, ಬಿಡಲ್ಲ ಅಂತ" ಎಂದಳು ಚೂಟಿ. "ಇವನು ಅಮ್ಮನ ಮೀನು." ಯಾರನ್ನೂ ನೋಡದೆ ಹೇಳಿದಳು, ಚೀಲವನ್ನು ಹೆಗಲ ಮೇಲೆ ಎಳೆದುಕೊಂಡು ಮೆಟ್ಟಿಲಿಳಿದು ಹೋದಳು.

ಗಾಜಿನವನು ಕನ್ನಡಿ ಕೀಳಲು ಹೋದರೆ ಅಂಟು ಬಿಡಲೊಲ್ಲದು. ಅವನ ಕೆಲಸ ಯಾವತ್ತೂ ಗಟ್ಟಿ. ನೈಲಾನ್ ದಾರವನ್ನು ಗಾಜಿಗೂ ಕನ್ನಡಿಗೂ ನಡುವೆ ತೂರಿಸಿ ಗರಗಸದಂತೆ ಎಳೆದೆಳೆದು, ಬೆವರು ಸುರಿಸಿ, ತನ್ನ ಕೈಗಳಿಗೆ ತಾನೇ ಬೈದುಕೊಂಡು, ಕೊನೆಗೆ ಬಿಡಿಸಿದ. ಬಿಂಬ ಮಾಯವಾಯಿತು. ಸಾಹೇಬ ಒಂದು ಗಳಿಗೆ ತಬ್ಬಿಬ್ಬಾಗಿ ನಿಂತ. ಆಮೇಲೆ ತಿರುಗಿದ, ಗವಿಯ ಬಾಯಲ್ಲಿ ಆರಾಮಾಗಿ ಪಾಚಿ ಕೆರೆಯುತ್ತಿದ್ದ ನಿಂಬೆಯನ್ನು ಕಂಡ. ನರ್ಸಮ್ಮ "ಅಯ್ಯೋ" ಅನ್ನುವುದರೊಳಗೆ ಬಾಲ ಬೀಸಿಯಾಗಿತ್ತು. ನಿಂಬೆಯ ಹಳದಿ ಪಕ್ಕೆಯ ಮೇಲೆ ಗೆರೆ ಎಳೆದಂತೆ ಒಂದು ಸೀಳು, ಅದರ ಒಳಗೆ ಬೆಳ್ಳಗೆ.

ಗಾಜಿನವನು ಕನ್ನಡಿಯನ್ನು ಗೋಡೆಗೆ ಒರಗಿಸಿ, ತಲೆಯ ಮೇಲೆ ಕೈ ಹೊತ್ತು ಕುಳಿತ. "ನಾನು ಮುಟ್ಟಿದ್ದೆಲ್ಲ ಹೀಗೇ ಆಗ್ತಿದೆ" ಎಂದ. ಅಂಗಡಿ ತೆರೆಯಲೇಬೇಕಿತ್ತು. ಚಪ್ಪಲಿ ಮೆಟ್ಟಿ ಹೊರಟುಹೋದ.

ಅಂದು ನರ್ಸಮ್ಮನಿಗೆ ರಜೆ. ಖಾಲಿ ಮನೆಯಲ್ಲಿ ತೊಟ್ಟಿಯ ಮುಂದೆ ಕುಳಿತಳು. ಒಂದು ಕಣ್ಣು ಸಾಹೇಬನ ಚುಕ್ಕೆಗಳ ಮೇಲೆ, ಇನ್ನೊಂದು ಹೀಟರಿನ ಸಂದಿಯಲ್ಲಿ ಕಿವಿರು ಬಡಿಯುತ್ತಿದ್ದ ನಿಂಬೆಯ ಮೇಲೆ. ನಿಂಬೆ ಸತ್ತರೆ ಅಳುವುದು ಅವಳೊಬ್ಬಳೇ. ಅದನ್ನು ಹೇಗೋ ತಡೆದುಕೊಂಡಾಳು. ಸಾಹೇಬ ಸತ್ತರೆ? ತಾಯಿ ಬಿಟ್ಟುಹೋದ ಒಂದೇ ಒಂದು ಜೀವಂತ ವಸ್ತುವನ್ನು ಈಕೆ ಬಂದು ಕೊಂದಳು ಎಂಬುದು ಆ ಹುಡುಗಿಯ ಮನಸ್ಸಿನಲ್ಲಿ ಕಲ್ಲಿನ ಹಾಗೆ ಕೂರುತ್ತದೆ. ಆಮೇಲೆ ಈ ಮನೆಯಲ್ಲಿ ಎಷ್ಟು ವರ್ಷ ಇದ್ದರೂ ತಾನು ಮನೆಯವಳಾಗುವುದಿಲ್ಲ. ಅದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಬಕೆಟ್ಟು ತಂದಿಟ್ಟುಕೊಂಡಳು. ಅಡುಗೆಮನೆಗೆ ಹೋಗಿ ಅಂಗಡಿಯಣ್ಣನಿಗೆ ಫೋನು ಮಾಡಿದಳು. ಫೋನನ್ನು ಕಟ್ಟೆಯ ಮೇಲಿಟ್ಟು ಸ್ಪೀಕರಿಗೆ ಹಾಕಿದಳು. ಕೈ ಇನ್ನೂ ಒದ್ದೆಯಿತ್ತು.

"ಅಣ್ಣ, ನಿಂಬೆನ ನೀವೇ ಇಟ್ಕೊಳ್ತೀರಾ? ಗಾಯ ಆಗಿದೆ, ಆದ್ರೆ ವಾಸಿಯಾಗುತ್ತೆ. ಯಾರಿಗಾದ್ರೂ ಒಳ್ಳೆಯವರಿಗೆ ಕೊಡಿ."

"ಅಷ್ಟು ವರ್ಷ ಸಾಕಿದ ಮೀನು ಕೊಡ್ತೀರಾ? ಅಲ್ಲಮ್ಮ, ಕಲ್ಲು ಬದಲಾಯಿಸಿ ನೋಡಿದ್ರಾ?"

"ಅದು ನಂಗೆ ಮೊದಲ ದಿನದಿಂದ್ಲೂ ಗೊತ್ತಣ್ಣ. ಆದ್ರೆ ಆ ಕಲ್ಲು ನಾನು ಮುಟ್ಟೋ ಹಾಗಿಲ್ಲ. ಅದು ಅವರಮ್ಮ ಇಟ್ಟಿದ್ದು."

ಬೆನ್ನ ಹಿಂದೆ ಚೀಲ ನೆಲಕ್ಕೆ ಬಿದ್ದ ಸದ್ದಾಯಿತು. ಪಾಠಕ್ಕೆ ಮನಸ್ಸು ಕೊಡಲಾಗದೆ ತಲೆನೋವೆಂದು ಸುಳ್ಳು ಹೇಳಿ ಅರ್ಧಕ್ಕೇ ಬಂದಿದ್ದ ಚೂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಗೊತ್ತಿತ್ತಾ ನಿಮಗೆ?"

ನರ್ಸಮ್ಮ ಫೋನು ಆರಿಸಿದಳು. "ಗೊತ್ತಿತ್ತು."

"ಗೊತ್ತಿದ್ದೂ ಸುಮ್ನೆ ಕೂತಿದ್ರಾ? ಸಾಹೇಬ ಸಾಯೋ ಹಾಗಾದ್ರೂ?"

"ನಿಮ್ಮಮ್ಮ ಜೋಡಿಸಿದ್ದು ಅಲ್ವಾ ಅದು. ನಾನು ಹೇಗೆ—"

"ಮುಟ್ಬಾರ್ದು ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನರ್ಸಮ್ಮ ತಲೆ ತಗ್ಗಿಸಿದಳು.

"ಕೇಳಬಹುದಿತ್ತಲ್ಲ ನನ್ನ!" ಹುಡುಗಿ ಕಿರುಚಿದಳು. ಇಷ್ಟು ದಿನ ಆ ಮನೆಯಲ್ಲಿ ಯಾರೂ ಅಷ್ಟು ದೊಡ್ಡ ದನಿ ಎತ್ತಿರಲಿಲ್ಲ. "ಕೇಳಿದ್ರೆ ನಾನು ಬೇಡ ಅಂತಿದ್ನೋ ಏನೋ. ಅಳ್ತಿದ್ನೋ ಏನೋ. ಅತ್ರೆ ಅಳ್ಲಿ ಅಂತ ಬಿಡ್ಬೇಕಿತ್ತು. ನೀವು ಏನೂ ಕೇಳಲ್ಲ. ಏನೂ ಮುಟ್ಟಲ್ಲ. ನಾನೇನು ತಿಂದುಹಾಕ್ತೀನಾ ನಿಮ್ಮನ್ನ?"

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಅಳು ಬಂದೇಬಿಟ್ಟಿತು. ನರ್ಸಮ್ಮನಿಗೂ ತಡೆಯಲಾಗಲಿಲ್ಲ. ಹತ್ತಿರ ಹೋಗಿ ತಬ್ಬಿಕೊಳ್ಳಬೇಕೋ ಬೇಡವೋ ಎಂದು ಅವಳು ಇನ್ನೂ ಯೋಚಿಸುತ್ತಿದ್ದಳು. ಅಷ್ಟರಲ್ಲಿ ಚೂಟಿ ಮೂಗೊರೆಸಿಕೊಂಡು, ಯೂನಿಫಾರ್ಮಿನ ತೋಳು ಮೇಲೇರಿಸಿ, "ಜಗ್ಗು ಎಲ್ಲಿದೆ? ಬಲೆ ಬೇಡ, ಮುಳ್ಳು ಸಿಕ್ಕಿಹಾಕ್ಕೊಳ್ಳುತ್ತೆ" ಎಂದಳು.

ಸಾಹೇಬ ಒಂದು ಬಕೆಟ್ಟಿಗೆ, ನಿಂಬೆ ಇನ್ನೊಂದಕ್ಕೆ. ಸಾಹೇಬನಲ್ಲಿ ಓಡುವ ಶಕ್ತಿಯೂ ಉಳಿದಿರಲಿಲ್ಲ, ಜಗ್ಗಿನೊಳಕ್ಕೆ ತಾನಾಗಿ ಬಂದ. ಅದನ್ನು ಕಂಡು ಇಬ್ಬರಿಗೂ ಭಯ ಹೆಚ್ಚಾಯಿತು. ಆಮೇಲೆ ಕಲ್ಲುಗಳು. ಒದ್ದೆ ಟವೆಲ್ಲುಗಳನ್ನು ನೆಲಕ್ಕೆ ಹಾಸಿ ಒಂದೊಂದಾಗಿ ಎತ್ತಿಟ್ಟರು. ಕಮಾನಿನ ಅಡ್ಡಕಲ್ಲಿಗೆ ಬಂದಾಗ ಚೂಟಿಯ ಕೈ ನೀರಿನೊಳಗೆ ನಿಂತಿತು. ಚೂಟಿ ತುಟಿ ಕಚ್ಚಿ, ಎತ್ತಿದಳು.

ಊಟಕ್ಕೆ ಬಂದ ಗಾಜಿನವನು ಹೊಸ್ತಿಲಲ್ಲೇ ನಿಂತ. ತೊಟ್ಟಿ ಬೋಳು, ನೀರು ಬಗ್ಗಡ, ನೆಲದ ತುಂಬ ಕಲ್ಲು, ಮೊಣಕೈವರೆಗೆ ತೊಯ್ದ ಇಬ್ಬರು. ಅವನು ಚಪ್ಪಲಿ ಬಿಟ್ಟು, ಕಲ್ಲುಗಳ ನಡುವೆ ಕಾಲಿಡಲು ಜಾಗ ಹುಡುಕಿಕೊಂಡು ಬಂದು, ಅಡ್ಡಕಲ್ಲಿನ ಎದುರು ಕುಕ್ಕರಗಾಲಲ್ಲಿ ಕುಳಿತ.

"ಈ ಕಲ್ಲು ಅವಳಿಗೆ ಎಲ್ಲೂ ಸರಿಯಾಗಿ ಕೂರ್ತಾನೇ ಇರಲಿಲ್ಲ" ಎಂದ. "ಕಮಾನು ಕಟ್ಟಿದ ದಿನವೇ, ಇದು ಚೆನ್ನಾಗಿಲ್ಲ ಕಣ್ರೀ, ಮುಂದಿನ ವಾರ ಬದಲಾಯಿಸ್ತೀನಿ ಅಂದಿದ್ಲು. ಯಾವಾಗ್ಲೂ ಬದಲಾಯಿಸ್ತಾನೇ ಇದ್ದವಳು. ಆಮೇಲೆ ಹಾಸಿಗೆ ಹಿಡಿದ್ಲು."

"ಹೌದು, ನಂಗೂ ನೆನಪಿದೆ" ಎಂದಳು ಚೂಟಿ. "ಮತ್ತೆ ನೀನ್ಯಾಕೆ ಮುಟ್ಟಲಿಲ್ಲ ಇದನ್ನ?"

"ನೀನು ಬೇಜಾರು ಮಾಡ್ಕೋತೀಯ ಅಂತ."

"ನಾನು ನಿಂಗೆ ಬೇಜಾರಾಗುತ್ತೆ ಅಂತ ಮುಟ್ಟಲಿಲ್ಲ."

ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿದರು. ನರ್ಸಮ್ಮನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆಗ ಚೂಟಿ ಅಡ್ಡಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದಳು. "ಇದನ್ನ ನೀವಿಡಿ. ನಿಂಬೆಗೆ ಯಾವ ಥರದ ಜಾಗ ಇಷ್ಟ ಅಂತ ನಿಮಗೆ ತಾನೇ ಗೊತ್ತು."

ಒದ್ದೆ ಕಲ್ಲು ನೋಡಿದ್ದಕ್ಕಿಂತ ಭಾರವಾಗಿತ್ತು. ನರ್ಸಮ್ಮ ಅದನ್ನು ತೊಟ್ಟಿಯ ಬಲಮೂಲೆಗೆ, ಹಿಂದಿನ ಗಾಜಿಗೆ ಒರಗಿದಂತೆ ನಿಲ್ಲಿಸಿದಳು. ಜಾರಿತು. ಮತ್ತೆ ನಿಲ್ಲಿಸಿದಳು. ಚೂಟಿ ಕೆಳಗೊಂದು ಚಿಕ್ಕ ಕಲ್ಲು ಕೊಟ್ಟಳು, ಆಗ ಕೂತಿತು. ಉಳಿದದ್ದನ್ನು ಮೂವರೂ ಕಚ್ಚಾಡುತ್ತ ಜೋಡಿಸಿದರು. ಗಾಜಿನವನು ಒಂದು ಕಲ್ಲು ಇಡಲು ಬಂದಾಗ ಇಬ್ಬರೂ ಒಟ್ಟಿಗೆ "ನೀನು ಮುಟ್ಬೇಡ", "ನೀವು ಮುಟ್ಬೇಡಿ" ಎಂದರು. ಅವನಿಗೆ ನಗುವೂ ಬಂತು, ಅವಮಾನವೂ ಆಯಿತು.

ಮೊದಲು ಇಳಿದದ್ದು ನಿಂಬೆ. ಅದು ಜಾಗ ಹುಡುಕಿಕೊಂಡ ಮೇಲೆ ಸಾಹೇಬ. ಇಷ್ಟು ವರ್ಷದ ಒಡೆಯ ತನ್ನದೇ ಮನೆಗೆ ನೆಂಟನಂತೆ ಬಂದ. ಕಮಾನಿದ್ದ ಕಡೆ ಈಜಿದ, ಕಮಾನಿರಲಿಲ್ಲ. ಗವಿಯಿದ್ದ ಕಡೆ ಹೋದ, ಬರೀ ಮರಳು. ಬಗ್ಗಡ ನೀರಿನಲ್ಲಿ ಹಳದಿ ಮೈ ಅಡ್ಡ ಬಂತು. ಸಾಹೇಬ ಪಕ್ಕಕ್ಕೆ ವಾಲಿದ. ಬಾಲದ ಮುಳ್ಳು ಹೊರಬಂದದ್ದು ಮೂವರಿಗೂ ಕಂಡಿತು. ಚೂಟಿ ನರ್ಸಮ್ಮನ ಮುಂಗೈ ಹಿಡಿದಳು, ಉಗುರು ನಾಟುವಷ್ಟು ಬಿಗಿಯಾಗಿ. ಸಾಹೇಬ ಹಾಗೇ ನಿಂತ, ನಿಂತ. ಕಾಯಲು ಏನಿದೆ ಎಂದು ಅವನಿಗೇ ತಿಳಿಯಲಿಲ್ಲವೋ ಏನೋ. ಮುಳ್ಳು ಮಡಚಿಕೊಂಡು ಬೇರೆ ಕಲ್ಲಿನ ಕಡೆ ತಿರುಗಿದ.

ಗೆದ್ದೆವೆಂದು ಯಾರೂ ಅನ್ನಲಿಲ್ಲ. ಚುಕ್ಕೆಗಳು ಹಾಗೇ ಇದ್ದವು. ಮರುದಿನವೂ ಸಾಹೇಬ ಸೊಪ್ಪು ಮುಟ್ಟಲಿಲ್ಲ, ಅದರ ಮರುದಿನವೂ. ನರ್ಸಮ್ಮ ಥಿಯೇಟರಿನಲ್ಲಿ ಕತ್ತರಿ ಎತ್ತಿಕೊಡುವಾಗಲೂ ಅವಳ ಮನಸ್ಸು ಮನೆಯ ತೊಟ್ಟಿಯಲ್ಲಿತ್ತು. ಆದರೆ ಈಗ ಮಧ್ಯಾಹ್ನದ ಬಿಡುವಿನಲ್ಲಿ ಅವಳ ಫೋನಿಗೆ ಶಾಲೆಯಿಂದ ಯಾರದೋ ಫೋನಿನಲ್ಲಿ ಚೂಟಿಯ ದನಿ ಬರುತ್ತಿತ್ತು: "ಬೆಳಗ್ಗೆ ನಾನು ಹೋದ್ಮೇಲೆ ತಿಂದ್ನಾ?" "ಇಲ್ಲ ಕಣೆ." "ನಿಂಬೆ ಗಾಯ?" "ಕೂಡ್ಕೊಳ್ತಿದೆ."

ಹೀಗೆ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವಳು ತೊಟ್ಟಿಯ ಕಡೆ ನೋಡಲು ಹೆದರಿ ನೇರ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ನೀರಿಟ್ಟಳು. ಅಭ್ಯಾಸಬಲದಿಂದ ಸ್ಟೂಲಿಗೆ ಕೈ ಹಾಕಿದರೆ ಸ್ಟೂಲು ಜಾಗದಲ್ಲಿಲ್ಲ. ಮೇಲೆ ನೋಡಿದಳು. ಹಲಗೆಯಲ್ಲಿ ಉಪ್ಪಿನ ಡಬ್ಬಿಯೂ ಇಲ್ಲ. ಏನಾಯಿತೆಂದು ಅತ್ತಿತ್ತ ನೋಡಿದಾಗ ಡಬ್ಬಿ ಒಲೆಯ ಪಕ್ಕದ ಕಟ್ಟೆಯ ಮೇಲೆ, ಅವಳ ಕೈಗೆಟಕುವಲ್ಲಿ ಕೂತಿತ್ತು.

ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಹಾಲಿಗೆ ಬಂದಳು. ಸ್ಟೂಲು ತೊಟ್ಟಿಯ ಮುಂದಿತ್ತು. ಅದರ ಮೇಲೆ ಚೂಟಿ ಕೂತು, ತೋಳನ್ನು ಮೊಣಕೈವರೆಗೆ ನೀರಿಗಿಳಿಸಿ ಬೆರಳ ತುದಿಯಲ್ಲಿ ಸೊಪ್ಪಿನ ಚೂರು ಹಿಡಿದಿದ್ದಳು. ಒಂದು ಕಡೆಯಿಂದ ನಿಂಬೆ ಕಚ್ಚಿ ಎಳೆಯುತ್ತಿತ್ತು. ಇನ್ನೊಂದು ಕಡೆಯಿಂದ, ಸುಲಿದ ಮೂತಿಯ ಸಾಹೇಬ.

"ಸದ್ದು ಮಾಡ್ಬೇಡಿ" ಎಂದಳು ಚೂಟಿ, ತಿರುಗದೆ. "ಈ ಸ್ಟೂಲು ಇನ್ಮೇಲೆ ಇಲ್ಲೇ ಇರುತ್ತೆ. ನಂಗೆ ಬೇಕು."